ಮಾಡೆಲ್ ರೈಲಿಗೆ ದಕ್ಕೆ, ನದಿ, ಬಂದರು ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದು ನನ್ನ ದಕ್ಕೆ (ಬೋಟು ನಿಲ್ಲುವ ಕಟ್ಟೆ) ಡಯೋರಮಾ ನೋಡಿದವರು, ಫೋನ್ ಮಾಡಿದವರು, ಪತ್ರ ಬರೆದ ಮಕ್ಕಳು, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರು, ಎಲ್ರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಆಮೇಲೆ ಅಯ್ಯೋ ಅದು ಹೇಳ್ಲಿಕ್ಕೆ ಬಿಟ್ಟೇಹೋಯ್ತು ಅಂತ ಅನಿಸ್ತಿತ್ತು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ. ನೀರು ನೆಲಕ್ಕೆ ತಾಗುವ ಆ ಎರಡು ಇಂಚಿನ ಅಂಚು ಸರಿ ಬಂದ್ರೆ ಉಳಿದ ಸಣ್ಣಪುಟ್ಟ ತಪ್ಪು ಯಾರ ಕಣ್ಣಿಗೂ ಬೀಳೋದಿಲ್ಲ, ಕೆಳಗಿನ ಹೆಚ್ಚಿನ ಉತ್ತರ ಸುತ್ತಿ ಸುತ್ತಿ ಅಲ್ಲಿಗೇ ಬರ್ತದೆ.

## ಈಗಷ್ಟೇ ಶುರು ಮಾಡೋರಿಗೆ

ಡಯೋರಮಾ ಅಂದ್ರೆ ಎಂತ ಅಣ್ಣ? ಲೇಔಟ್ ಅಂತಾರಲ್ಲ, ಅದೇ ಅಲ್ವಾ?

ಲೇಔಟ್‌ನಲ್ಲಿ ರೈಲು ಓಡ್ತದೆ, ಸ್ಟೇಷನ್ ಬಿಟ್ಟು ಸುತ್ತು ಹಾಕಿ ವಾಪಸ್ ಬರ್ತದೆ. ಡಯೋರಮಾ ಅಂದ್ರೆ ಒಂದೇ ಜಾಗದ ಒಂದೇ ಹೊತ್ತಿನ ದೃಶ್ಯ, ರೈಲು ಅಲ್ಲಿ ನಿಂತಿದ್ರೂ ಆಗ್ತದೆ. ಎರಡನ್ನೂ ಸೇರಿಸ್ಲಿಕ್ಕೂ ಆಗ್ತದೆ: ನಾಲ್ಕಡಿ ಉದ್ದ ಎರಡಡಿ ಅಗಲದ ಬೋರ್ಡಲ್ಲಿ ದಕ್ಕೆ ಮಾಡಿ, ಎರಡೂ ತುದಿಯಲ್ಲಿ ಹಳಿಯನ್ನು ಬೋರ್ಡಿನ ಅಂಚಿನವರೆಗೆ ತಂದು ಬಿಡಿ, ಮುಂದೆ ದೊಡ್ಡ ಲೇಔಟ್ ಮಾಡಿದಾಗ ಜೋಡಿಸಬಹುದು. ಮೊದಲನೇ ಸಲ ಮಾಡೋರಿಗೆ ನಾನು ಹೇಳೋದು ಇದನ್ನೇ. ದೊಡ್ಡ ಲೇಔಟಿಗೆ ಕೈ ಹಾಕಿದ್ರೆ ನೀರಿನ ಕೆಲಸಕ್ಕೆ ಬರುವಷ್ಟರಲ್ಲಿ ಉತ್ಸಾಹ ಮುಗಿದಿರ್ತದೆ.

ಯಾವ ಸ್ಕೇಲ್ ತಗೊಳ್ಲಿ ಸರ್, ಎಚ್‌ಒ ನಾ ಎನ್ ನಾ? ನಮ್ಮ ಬ್ರಾಡ್ ಗೇಜಿಗೆ ಯಾವುದು ಸರಿ ಕೂರ್ತದೆ?

ಎಚ್‌ಒ ಅಂದ್ರೆ 1:87, ಅಂದ್ರೆ ನಿಜವಾದ್ದರ 87ರಲ್ಲಿ ಒಂದು ಪಾಲು, ಎರಡು ಹಳಿಯ ನಡುವಿನ ಅಗಲ 16.5 ಮಿಮೀ. ಎನ್ ಅಂದ್ರೆ 1:160, ಹಳಿ 9 ಮಿಮೀ. ಎರಡೂ ವಿದೇಶದ 1435 ಮಿಮೀ ಹಳಿಯ ಲೆಕ್ಕಕ್ಕೆ ಆದದ್ದು. ನಮ್ಮ ಬ್ರಾಡ್ ಗೇಜ್ 1676 ಮಿಮೀ, 87ರಿಂದ ಭಾಗಿಸಿದ್ರೆ 19 ಮಿಮೀ ಚಿಲ್ಲರೆ ಬರ್ತದೆ, ಅಂದ್ರೆ ಅಂಗಡಿಯ ಎಚ್‌ಒ ಹಳಿ ಸುಮಾರು 3 ಮಿಮೀ ಸಪೂರ. ಅಷ್ಟನ್ನು ಒಪ್ಪಿಕೊಂಡು ಮುಂದೆ ಹೋಗಿ, ನಾನೂ ಒಪ್ಪಿಕೊಂಡಿದ್ದೇನೆ. ಹಳಿಯನ್ನು ದಕ್ಕೆಯ ಕಾಂಕ್ರೀಟಲ್ಲಿ ಹೂತು ಹಾಕಿದ್ರೆ ಸ್ಲೀಪರ್ (ಹಳಿ ಅಡಿಯ ಅಡ್ಡಪಟ್ಟಿ) ಕಾಣೋದೇ ಇಲ್ಲ, ಆಗ ವ್ಯತ್ಯಾಸ ಮತ್ತೂ ಕಮ್ಮಿ ಗೊತ್ತಾಗ್ತದೆ.

ದಕ್ಕೆ ಮಾಡೋರಿಗೆ ನನ್ನ ಓಟು ಎಚ್‌ಒಗೆ. ಮೀನಿನ ಬುಟ್ಟಿ, ಹಗ್ಗ, ಬೋಟಿಗೆ ಕಟ್ಟಿದ ಟಯರು, ಇವೆಲ್ಲ ಎನ್ ಸ್ಕೇಲಲ್ಲಿ ಬರೀ ಚುಕ್ಕೆ ಆಗಿಬಿಡ್ತದೆ. ಆದ್ರೆ ದೊಡ್ಡ ಹಡಗು ನಿಲ್ಲಿಸುವ ಆಸೆ ಇದ್ರೆ ಎನ್ ತಗೊಳ್ಳಿ, ಯಾಕಂದ್ರೆ 180 ಮೀಟರ್ ಹಡಗು ಎಚ್‌ಒನಲ್ಲಿ ಎರಡು ಮೀಟರ್‌ಗಿಂತ ಉದ್ದ ಆಗ್ತದೆ, ಫ್ಲ್ಯಾಟಲ್ಲಿ ಇರೋರು ಅದನ್ನು ಎಲ್ಲಿ ಇಡ್ತೀರಿ.

ಮಂಗಳೂರು ಉಡುಪಿ ಕಡೆ ಯಾವ ಜಾಗ ತಗೊಂಡ್ರೆ ರೈಲೂ ನೀರೂ ಒಟ್ಟಿಗೆ ಸಿಗ್ತದೆ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ. ನಮ್ಮಲ್ಲಿ ಒಂದಲ್ಲ ನಾಲ್ಕು ಉಂಟು.

ಒಂದು, ನೇತ್ರಾವತಿಯ ರೈಲು ಸೇತುವೆ. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದೇ ಕೇರಳದ ಕಡೆಯಿಂದ, ಈ ಹೊಳೆ ದಾಟಿ. ಸೇತುವೆಯ ಎರಡು ಕಂಬ, ಕೆಳಗೆ ಕೆಸರು, ಒಂದು ದೋಣಿ, ದಡದಲ್ಲಿ ತೆಂಗು, ಇಷ್ಟಿದ್ರೆ ಎರಡಡಿ ಬೋರ್ಡ್ ತುಂಬಿ ಹೋಗ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆದು ಬೇರೆ ಇಲ್ಲ.

ಎರಡು, ಪಣಂಬೂರು. ನವಮಂಗಳೂರು ಬಂದರು ಶುರುವಾದದ್ದು 1974ರಲ್ಲಿ, ಗೂಡ್ಸ್ ರೈಲು ಬಂದರಿನ ಒಳಗೇ ಹೋಗ್ತದೆ. ಕಲ್ಲಿದ್ದಲು, ಕಂಟೇನರ್, ಕನ್ವೇಯರ್, ಕ್ರೇನ್, ದೊಡ್ಡ ದೊಡ್ಡ ಟ್ಯಾಂಕಿ ಇಷ್ಟಪಡೋರಿಗೆ ಇದೇ ಆಗ್ಬೇಕು. 20 ಅಡಿಯ ಕಂಟೇನರ್ ಎಚ್‌ಒನಲ್ಲಿ 70 ಮಿಮೀ ಬರ್ತದೆ, ರಟ್ಟಿನಲ್ಲೇ ಹತ್ತಿಪ್ಪತ್ತು ಮಾಡ್ಲಿಕ್ಕಾಗ್ತದೆ. ಬಂದರಿನ ಒಳಗೆ ಪರ್ಮಿಷನ್ ಇಲ್ಲದೆ ಫೋಟೋ ತೆಗಿಲಿಕ್ಕೆ ಹೋಗ್ಬೇಡಿ.

ಮೂರು, ಕೊಂಕಣ ರೈಲ್ವೆಯ ಹೊಳೆ ಸೇತುವೆಗಳು. 1998ರಲ್ಲಿ ಪೂರ್ತಿ ಓಪನ್ ಆದ ಈ ಲೈನಲ್ಲಿ ಮೂಲ್ಕಿಯ ಶಾಂಭವಿ, ಉಡುಪಿ ದಾಟಿದ ಮೇಲೆ ಸ್ವರ್ಣಾ, ಸೀತಾ, ಎಲ್ಲದರ ಮೇಲೂ ರೈಲು ಹೋಗ್ತದೆ. ಲಾರಿಗಳನ್ನು ಹೊತ್ತ ರೋರೋ ರೈಲು ಸುರತ್ಕಲ್‌ನಿಂದ ಹೊರಟು ಇದೇ ದಾರಿಯಲ್ಲಿ ಹೋಗೋದು, ಸೇತುವೆ ಮೇಲೆ ಸಾಲಾಗಿ ಲಾರಿಗಳು ಹೋಗೋದು ಮಾಡೆಲ್‌ನಲ್ಲಿ ಎಷ್ಟು ಚಂದ ಕಾಣ್ತದೆ ಅಂದ್ರೆ ನೋಡಿದವರು ನಿಂತು ಕೇಳ್ತಾರೆ.

ನಾಲ್ಕನೆಯದು ಕಲ್ಪನೆ ಸೇರಿಸಿದ್ದು, ನಾನು ಮಾಡಿದ್ದೂ ಇದನ್ನೇ: ಬಂದರ್‌ನ ಹಳೆ ದಕ್ಕೆ, ಲಕ್ಷದ್ವೀಪಕ್ಕೆ ಸಾಮಾನು ತುಂಬುವ ಮಂಜಿ (ಮರದ ಸರಕು ಹಡಗು), ಹಿಂದೆ ಹಂಚಿನ ಗೋದಾಮು, ಅದರ ಮುಂದೆ ಒಂದು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಪಕ್ಕದ ಹಳಿ). ಹೊಳೆ ಬದಿಯ ಹಂಚಿನ ಕಾರ್ಖಾನೆಯನ್ನೂ ಸೇರಿಸಬಹುದು, ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹೊಳೆ ಬದಿಯಲ್ಲೇ ಶುರು ಮಾಡಿದ್ದು ಆವೆಮಣ್ಣು ದೋಣಿಯಲ್ಲಿ ಬರ್ತದೆ ಅಂತ. ಒಂದು ಎತ್ತರದ ಚಿಮಣಿ ಇಟ್ರೆ ನಮ್ಮೂರು ಅಂತ ದೂರದಿಂದಲೇ ಗೊತ್ತಾಗ್ತದೆ.

ನಮ್ಮದು ಹುಬ್ಬಳ್ಳಿ ರೀ, ಸಮುದ್ರ ನೋಡಿದ್ದ ಎರಡ ಸಲ. ನಮಗ ಮಾಡಾಕ ಆಗ್ತದೇನ್ರಿ?

ಖಂಡಿತ ಆಗ್ತದೆ, ಒಂದು ದಿನ ಬಂದು ಸರಿಯಾಗಿ ನೋಡಿದ್ರೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, 61 ದಿನ ಬೋಟುಗಳೆಲ್ಲ ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಒತ್ತೊತ್ತಾಗಿ ನಿಂತಿರ್ತವೆ. ಬೋಟಿನ ಆಕಾರ ನೋಡ್ಲಿಕ್ಕೆ ಅದೇ ಟೈಮ್. ದಕ್ಕೆಯ ಗಡಿಬಿಡಿ ನೋಡ್ಬೇಕಾದ್ರೆ ಆಗಸ್ಟ್ ನಂತರ ಬೆಳಿಗ್ಗೆ ಬೇಗ ಬನ್ನಿ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ಫೆರಿಯಲ್ಲಿ ಕೂತ್ರೆ ದಡ ನೀರಿನ ಕಡೆಯಿಂದ ಹೇಗೆ ಕಾಣ್ತದೆ ಅಂತ ನೋಡ್ಲಿಕ್ಕೆ ಸಿಗ್ತದೆ. ಮಾಡೆಲ್ ನೋಡೋರು ನಿಮ್ಮ ದಕ್ಕೆಯನ್ನು ನೋಡೋದೂ ಆ ಕಡೆಯಿಂದಲೇ. ಒಂದೇ ಗೋಡೆಯನ್ನು ಭರತದಲ್ಲಿ ಒಮ್ಮೆ ಇಳಿತದಲ್ಲಿ ಒಮ್ಮೆ ಫೋಟೋ ತೆಗೀರಿ, ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರ್ಲಿ, ಅಳತೆ ಆಮೇಲೆ ಅದರಿಂದಲೇ ಸಿಗೋದು.

## ಕೈ ಹಾಕಿದ ಮೇಲೆ

ಥರ್ಮಾಕೋಲ್ ಮೇಲೆ ಮಾಡಿದ್ರೆ ಆಗ್ತದಾ? ಪ್ಲೈವುಡ್ ತುಂಬಾ ರೇಟು.

ಮೇಲೆ ಫೋಮ್ ಇರ್ಲಿ, ಅಡಿಗೆ ಪ್ಲೈ ಬೇಕೇ ಬೇಕು. ನಮ್ಮ ಹವೆಗೆ ಮರೈನ್ ಪ್ಲೈ, 9 ಅಥವಾ 12 ಮಿಮೀ, ಅಡಿಯಿಂದಲೂ ಎರಡು ಕೋಟ್ ಪೇಂಟ್ ಹೊಡೆದು ಬಿಡಿ, ಇಲ್ಲಾಂದ್ರೆ ಒಂದು ಮಳೆಗಾಲದಲ್ಲಿ ಬೋರ್ಡ್ ಬಾಗ್ತದೆ, ಒರಲೆ ಹಿಡಿದ್ರಂತೂ ಮುಗೀತು. ಮೇಲೆ 50 ಮಿಮೀ ದಪ್ಪದ ಗಟ್ಟಿ ಫೋಮ್ ಶೀಟು ಅಂಟಿಸಿ. ಬಿಳಿ ಥರ್ಮಾಕೋಲ್ ಕಾಳು ಕಾಳಾಗಿ ಉದುರ್ತದೆ, ಕೊರಿಲಿಕ್ಕೆ ಆಗೋದಿಲ್ಲ, ಬಿಲ್ಡಿಂಗ್ ಇನ್ಸುಲೇಷನ್‌ಗೆ ಹಾಕುವ ಸಣ್ಣ ಕಣದ ಶೀಟು ಚಾಕುವಿಗೆ ಚಂದ ಸಿಗ್ತದೆ.

ನೀರಿನ ಮಟ್ಟವನ್ನು ಮೊದಲೇ ಗೆರೆ ಹಾಕಿ ಇಟ್ಕೊಳ್ಳಿ. ದಕ್ಕೆಯ ಮೇಲ್ಮೈ ನೀರಿಗಿಂತ ಎರಡು ಮೀಟರ್ ಎತ್ತರ ಅಂತ ಹಿಡಿದ್ರೆ ಎಚ್‌ಒನಲ್ಲಿ 23 ಮಿಮೀ. ಎಲ್ಲರೂ ಇಲ್ಲಿ ನಾಲ್ಕೈದು ಮಿಮೀ ಬಿಟ್ಟು ಆಮೇಲೆ ಇದು ದಕ್ಕೆಯ ಹಾಗೆ ಇಲ್ಲ ಸ್ವಿಮ್ಮಿಂಗ್ ಪೂಲಿನ ಹಾಗೆ ಉಂಟು ಅಂತ ಬೇಜಾರು ಮಾಡ್ಕೊಳ್ತಾರೆ.

ಇನ್ನೊಂದು, ಸ್ಪ್ರೇ ಪೇಂಟು ನೇರ ಫೋಮಿಗೆ ಹೊಡಿಬೇಡಿ, ಅದರ ಸಾಲ್ವೆಂಟ್ ಫೋಮನ್ನು ತಿಂದು ಹಾಕ್ತದೆ. ಮೊದಲು ಒಂದು ಕೋಟ್ ಎಮಲ್ಶನ್ ಅಥವಾ ನೀರು ಬೆರೆಸಿದ ಫೆವಿಕಾಲ್.

ಮುರಕಲ್ಲಿನ (ಜಂಬಿಟ್ಟಿಗೆ) ಗೋಡೆ ನಿಜವಾದ್ದರ ಹಾಗೆ ಬರೋದೇ ಇಲ್ಲ, ಇಟ್ಟಿಗೆ ಗೋಡೆ ಹಾಗೆ ಕಾಣ್ತದೆ. ಎಂತ ಮಾಡ್ಲಿ?

ಎರಡು ಕಾರಣ ಇರ್ತದೆ, ಕಲ್ಲಿನ ಅಳತೆ ಮತ್ತೆ ಬಣ್ಣ. ಒಂದೂಕಾಲು ಅಡಿ ಉದ್ದದ ಕಲ್ಲು ಎಚ್‌ಒನಲ್ಲಿ 4.4 ಮಿಮೀ ಬರ್ತದೆ, ಅರ್ಧ ಅಡಿ ಎತ್ತರ ಅಂದ್ರೆ 1.75 ಮಿಮೀ ಅಷ್ಟೇ. ಫೋಮ್ ಮೇಲೆ ಅಡ್ಡ ಗೆರೆಗಳನ್ನು ಸ್ಕೇಲ್ ಇಟ್ಟು ಮುಗಿದ ಬಾಲ್ ಪೆನ್ನಲ್ಲಿ ಎಳೀರಿ, ಲಂಬ ಗೆರೆಗಳನ್ನು ಕೈಯಲ್ಲೇ, ಸ್ವಲ್ಪ ಆಚೆ ಈಚೆ ಆದ್ರೆ ಒಳ್ಳೆದೇ. ಆಮೇಲೆ ತಂತಿ ಬ್ರಷ್ಷನ್ನು ಮೆಲ್ಲ ಚುಚ್ಚಿ ಚುಚ್ಚಿ ತೆಗೀರಿ, ಎಳಿಬಾರದು. ಮುರಕಲ್ಲಿಗೆ ಆ ತೂತು ತೂತು ಬಂದ್ರೇನೇ ಅದು ಮುರಕಲ್ಲು.

ಬಣ್ಣಕ್ಕೆ ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಸ್ವಲ್ಪ ಕಪ್ಪು. ಎಲ್ಲ ಕಲ್ಲಿಗೂ ಒಂದೇ ಬಣ್ಣ ಬೇಡ, ನಾಲ್ಕೈದು ಕಲ್ಲನ್ನು ಬೇರೆ ಮಾಡಿ, ಮತ್ತೆ ಕಪ್ಪು ನೀರು ಹರಿಸಿದ್ರೆ ತೂತುಗಳಲ್ಲಿ ಕೂರ್ತದೆ.

ಈಗ ಬರ್ತದೆ ನಾನು ಮೇಲೆ ಹೇಳಿದ ಅಂಚು. ಇಳಿತದ ಹೊತ್ತಲ್ಲಿ ಹಳೆ ದಕ್ಕೆಯ ಗೋಡೆ ಹತ್ರ ಕೂತು ನೋಡಿ. ಮೇಲೆ ಒಣಗಿದ ಕೆಂಪು, ಅಲ್ಲಲ್ಲಿ ಮಳೆನೀರು ಇಳಿದ ಕಪ್ಪು ಗೀರು. ಅದರ ಕೆಳಗೆ ಒಂದು ಪಾಚಿಯ ಪಟ್ಟಿ, ಮೇಲಂಚಲ್ಲಿ ಒಣಗಿ ಬೂದು ಹಸಿರು, ಕೆಳಗೆ ಹೋದ ಹಾಗೆ ಒದ್ದೆ ಕಡು ಹಸಿರು. ಅದಕ್ಕೂ ಕೆಳಗೆ ಕಲ್ಲಿಗೆ ಅಂಟಿದ ಚಿಪ್ಪುಗಳ ಒರಟು ಬಿಳಿ ಬೂದು ಪಟ್ಟಿ. ಮತ್ತೆ ನೀರಿಗೆ ತಾಗುವಲ್ಲಿ ಹೆಚ್ಚುಕಮ್ಮಿ ಕಪ್ಪು. ನಮ್ಮಲ್ಲಿ ಭರತ ಇಳಿತದ ವ್ಯತ್ಯಾಸ ಮೀಟರ್ ಒಂದೂವರೆ ಮೀಟರ್ ಆಸುಪಾಸು, ಅಂದ್ರೆ ಮಾಡೆಲ್‌ನಲ್ಲಿ ಈ ಎಲ್ಲ ಪಟ್ಟಿ 12ರಿಂದ 17 ಮಿಮೀ ಒಳಗೆ ಬರ್ಬೇಕು. ಚಿಪ್ಪಿಗೆ ನಾನು ಹಸಿ ಅಂಟಿನ ಮೇಲೆ ಚಾಕ್ ಪುಡಿ ಉದುರಿಸ್ತೇನೆ, ಪಾಚಿಗೆ ಕಡು ಹಸಿರಿಗೆ ಚೂರು ಕಂದು ಸೇರಿಸಿ ಸ್ಪಂಜಿನ ತುಂಡಲ್ಲಿ ಒತ್ತೋದು, ಕೊನೆಗೆ ಕೆಳಗಿನ ಅರ್ಧಕ್ಕೆ ಮಾತ್ರ ಗ್ಲಾಸ್ (gloss, ಹೊಳಪಿನ) ವಾರ್ನಿಶ್, ಆಗ ಒದ್ದೆ ಇದ್ದ ಹಾಗೆ ಕಾಣ್ತದೆ. ಈ ಪಟ್ಟಿಗಳು ಗೋಡೆಯುದ್ದಕ್ಕೂ ಒಂದೇ ಮಟ್ಟದಲ್ಲಿ ಇರ್ಬೇಕು, ದೋಣಿ ಮೆಟ್ಟಿಲ ಮೇಲೂ ಮರದ ಕಂಬದ ಮೇಲೂ ಅದೇ ಮಟ್ಟ, ಯಾಕಂದ್ರೆ ನೀರು ಎಲ್ಲ ಕಡೆ ಒಂದೇ ಎತ್ತರಕ್ಕೆ ಏರೋದು. ನನ್ನ ಡಯೋರಮಾದಲ್ಲಿ ಅತಿ ಹೆಚ್ಚು ದಿನ ತಗೊಂಡದ್ದು ಈ ಒಂದು ಗೋಡೆ.

ಪಣಂಬೂರು ಬೀಚಿನ ಮರಳೇ ತಂದು ಹಾಕಿದ್ರೆ ಒರಿಜಿನಲ್ ಅಲ್ವಾ?

ಒಂದು ಮುಷ್ಟಿ ಸಾಕು, ಆದ್ರೆ ಹಾಗೇ ಹಾಕ್ಬೇಡಿ. ಅದರಲ್ಲಿ ಉಪ್ಪು ಉಂಟು, ಉಪ್ಪು ಗಾಳಿಯ ನೀರನ್ನು ಎಳ್ಕೊಳ್ತದೆ, ಮಳೆಗಾಲದಲ್ಲಿ ಆ ಜಾಗ ಒದ್ದೆಯಾಗಿಯೇ ಇರ್ತದೆ, ಹತ್ರದ ಮೊಳೆ ವಯರ್ ಎಲ್ಲ ತುಕ್ಕು. ನಾಲ್ಕೈದು ನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಹಳೆ ಕಾವಲಿಯಲ್ಲಿ ಹುರಿದು, ಟೀ ಸೋಸುವ ಜಾಲರಿಯಲ್ಲಿ ಸೋಸಿ. ಅರ್ಧ ಮಿಮೀ ಮರಳು ಕಾಳು ಕೂಡ ಎಚ್‌ಒ ಮನುಷ್ಯನಿಗೆ ನಾಲ್ಕು ಸೆಂಟಿಮೀಟರ್ ಜಲ್ಲಿ. ಅದಕ್ಕೆ ದಡದ ಕೆಸರಿಗೆ ನಾನು ಮರಳು ಹಾಕೋದಿಲ್ಲ, ಸಣ್ಣಗೆ ಸೋಸಿದ ಮಣ್ಣೇ ಹಾಕೋದು.

ನೀರಿಗೆ ರೆಸಿನ್ ಹಾಕ್ಬೇಕಾ, ಬರೀ ವಾರ್ನಿಶ್ ಸಾಕಾ?

ಹೊಳೆ, ದಕ್ಕೆ, ಅಳಿವೆ ಬಾಗಿಲು, ಇಲ್ಲೆಲ್ಲ ನಮ್ಮ ನೀರು ಕೆಸರು ಬಣ್ಣದ್ದು, ತಳ ಕಾಣೋದೇ ಇಲ್ಲ. ಹಾಗಾಗಿ ಆಳಕ್ಕೆ ರೆಸಿನ್ (ಎರಡು ದ್ರವ ಕಲಸಿ ಹೊಯ್ದ್ರೆ ಗಾಜಿನ ಹಾಗೆ ಗಟ್ಟಿಯಾಗುವ ವಸ್ತು) ಹೊಯ್ಯುವ ಅಗತ್ಯ ಇಲ್ಲ. ತಳಕ್ಕೆ ಬಣ್ಣ ಹೊಡೆದು, ಮೇಲೆ ಟಿಶ್ಯೂ ಪೇಪರ್ ಹಾಸಿ, ನೀರು ಬೆರೆಸಿದ ಫೆವಿಕಾಲ್ ಬ್ರಷ್ಷಲ್ಲಿ ಕುಟ್ಟಿ ಕುಟ್ಟಿ ಸಣ್ಣ ಸುಕ್ಕು ಬರಿಸಿ, ಒಣಗಿದ ಮೇಲೆ ಮತ್ತೆ ಬಣ್ಣ, ಮತ್ತೆ ಐದಾರು ಕೋಟ್ ಗ್ಲಾಸ್ ವಾರ್ನಿಶ್. ಇಷ್ಟೇ. ಕಮ್ಮಿ ಖರ್ಚು, ತಪ್ಪಾದ್ರೆ ಸರಿ ಮಾಡ್ಲಿಕ್ಕೂ ಆಗ್ತದೆ.

ತಿಳಿ ನೀರು ಬೇಕಾದ್ರೆ, ಉದಾಹರಣೆಗೆ ಬಂಡೆ ಕಾಣುವ ದಡ, ಆಗ ಎಪಾಕ್ಸಿ ರೆಸಿನ್. 60 ಸೆಂಮೀ ಉದ್ದ 30 ಸೆಂಮೀ ಅಗಲಕ್ಕೆ 3 ಮಿಮೀ ದಪ್ಪ ಹೊಯ್ಲಿಕ್ಕೆ ಸುಮಾರು 540 ಎಂಎಲ್ ಬೇಕು, ಹತ್ತತ್ರ 600 ಗ್ರಾಂ. ಒಮ್ಮೆಗೇ ದಪ್ಪ ಹೊಯ್ದ್ರೆ ಅದು ಗಟ್ಟಿಯಾಗುವಾಗ ಬಿಸಿಯಾಗಿ ಕೆಳಗಿನ ಫೋಮ್ ಕರಗ್ತದೆ, ಅದಕ್ಕೆ ಮೂರು ಮೂರು ಮಿಮೀ ಪದರ. ಪಾಲಿಯೆಸ್ಟರ್ ರೆಸಿನ್ ಫೋಮ್ ಹತ್ರ ತರ್ಲೇಬೇಡಿ, ನೇರ ತಿಂದು ಬಿಡ್ತದೆ. ಹೊಯ್ಯುವ ಮೊದಲು ಅಂಚಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿ ಸಿಲಿಕಾನ್ ಹಚ್ಚಿ, ಸೂಜಿ ತೂತು ಇದ್ರೂ ರೆಸಿನ್ ಅದನ್ನು ಹುಡುಕಿ ಇಳಿತದೆ. ಗ್ಲೌಸ್ ಬೇಕೇ ಬೇಕು, ಕಿಟಕಿ ತೆರೆದಿರ್ಲಿ, ಮಕ್ಕಳು ಆ ಕೋಣೆಯಲ್ಲಿ ಬೇಡ.

ರೆಸಿನ್ ಹೊಯ್ದು ಐದು ದಿನ ಆಯ್ತು, ಇನ್ನೂ ಅಂಟಂಟು. ಮೇಲೆ ಬಿಳಿ ಮಂಜಿನ ಹಾಗೆ ಬಂದಿದೆ. ಯಾಕೆ?

ಯಾವ ತಿಂಗಳಲ್ಲಿ ಹೊಯ್ದ್ರಿ ಅಂತ ನಾನು ಮೊದಲು ಕೇಳೋದು. ಜೂನ್‌ನಿಂದ ಸೆಪ್ಟೆಂಬರ್ ಅಂದ್ರೆ ಕಾರಣ ಗೊತ್ತಾಯ್ತು. ಗಾಳಿಯ ತೇವ ಗಟ್ಟಿಯಾಗುವ ಎಪಾಕ್ಸಿಯ ಮೇಲ್ಮೈಗೆ ತಾಗಿ ಜಿಡ್ಡು ಜಿಡ್ಡಾದ ಬಿಳಿ ಪೊರೆ ಬರ್ತದೆ. ನಾನೂ ಒಂದು ಜುಲೈಯಲ್ಲಿ, ರಜೆ ಉಂಟಲ್ಲ ಮುಗಿಸಿ ಬಿಡುವ ಅಂತ, ಹೊರಗೆ ಧೋ ಅಂತ ಮಳೆ ಸುರಿಯುವಾಗ ಹೊಯ್ದೆ. ಮೂರು ತಿಂಗಳು ಕೂತು ಮಾಡಿದ ಗೋಡೆಯ ಮುಂದೆ ಆ ನೀರು ಹಾಲು ಚೆಲ್ಲಿದ ಹಾಗೆ ಆಗಿ ಹೋಯ್ತು, ಎರಡು ದಿನ ಆ ಕೋಣೆಗೇ ಹೋಗ್ಲಿಲ್ಲ.

ಒಳಗೆ ಗಟ್ಟಿಯಾಗಿದ್ದು ಮೇಲೆ ಮಾತ್ರ ಪೊರೆ ಇದ್ರೆ ಉಗುರು ಬೆಚ್ಚಗಿನ ಸೋಪು ನೀರಲ್ಲಿ ಒರೆಸಿ, ಒಣಗಿದ ಮೇಲೆ ಸಣ್ಣ ಸ್ಯಾಂಡ್ ಪೇಪರ್ ಉಜ್ಜಿ, ಒಣ ದಿನ ನೋಡಿ ಇನ್ನೊಂದು ತೆಳು ಪದರ ಹೊಯ್ದ್ರೆ ಸರಿಯಾಗ್ತದೆ. ನಂದು ಹಾಗೆ ಸರಿಯಾಯ್ತು. ಒಳಗೂ ಮೆತ್ತಗೆ ಇದ್ರೆ ಅದು ಮಿಕ್ಸಿಂಗ್ ತಪ್ಪು, ತೂಕದಲ್ಲಿ ಅಳಿಬೇಕಾದ್ದನ್ನು ಕಣ್ಣಂದಾಜಲ್ಲಿ ಅಳೆದದ್ದು ಇರಬಹುದು, ಅಥವಾ ಕಲಸುವ ಲೋಟದ ಬದಿ, ತಳ ಕೆರೆದು ಕಲಸದೆ ಇದ್ದದ್ದು. ಅದನ್ನು ಕೆರೆದು ತೆಗೆಯದೆ ಬೇರೆ ದಾರಿ ಇಲ್ಲ. ಈಗ ನಾನು ರೆಸಿನ್ ಕೆಲಸ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮಾತ್ರ ಇಟ್ಕೊಳ್ತೇನೆ, ಮಳೆಗಾಲದಲ್ಲಿ ಬೋಟು ಮರ ಮಾಡ್ತಾ ಕೂರೋದು.

ಅಂಕಲ್, ನೀರಿಗೆ ನೀಲಿ ಬಣ್ಣ ಹೊಡೆದೆ, ಚಂದ ಕಾಣ್ಲಿಲ್ಲ. ಯಾವ ಬಣ್ಣ ಹೊಡಿಬೇಕು? (ಏಳನೇ ಕ್ಲಾಸಿನ ಒಬ್ಬಳು ಕೇಳಿದ್ದು)

ಪುಟ್ಟ, ನೀಲಿ ಆಕಾಶದ್ದು, ನೀರಿಗೆ ಅದು ಮೇಲಿಂದ ಬೀಳ್ತದೆ. ನಿನ್ನ ಮಾಡೆಲ್ ಮೇಲೆ ಕೋಣೆಯ ಬೆಳಕು ಬಿದ್ದು ಹೊಳಿತದಲ್ಲ, ಅದೇ ಸಾಕು. ಜುಲೈಯಲ್ಲಿ ನೇತ್ರಾವತಿ ಹಾಲು ಹಾಕಿದ ಚಾಯದ ಬಣ್ಣ, ಜನವರಿಯಲ್ಲಿ ಬೂದು ಹಸಿರು. ಮಧ್ಯಕ್ಕೆ ಕಡು ಬಣ್ಣ, ದಡಕ್ಕೆ ಬಂದ ಹಾಗೆ ಮಣ್ಣಿನ ಬಣ್ಣ ಸೇರಿಸ್ತಾ ಬಾ, ಎರಡೂ ಹಸಿ ಇರುವಾಗಲೇ ಬ್ರಷ್ಷಲ್ಲಿ ಕಲಸ್ಬೇಕು, ಗೆರೆ ಕಾಣಬಾರದು.

ನಮ್ಮೂರ ಟ್ರಾಲ್ ಬೋಟ್, ದೋಣಿ ಎಲ್ಲಿ ಸಿಗ್ತದೆ?

ರೆಡಿಮೇಡ್‌ನಲ್ಲಿ ಹುಡುಕಿದ್ರೆ ಸಿಗೋದೆಲ್ಲ ವಿದೇಶದ ಬೋಟು, ಮೂತಿ ನೋಡಿದ್ರೇ ನಮ್ಮದಲ್ಲ ಅಂತ ಗೊತ್ತಾಗ್ತದೆ. ಮಾಡ್ಲಿಕ್ಕೇ ಆಗ್ಬೇಕು. 15 ಮೀಟರ್ ಬೋಟು ಎಚ್‌ಒನಲ್ಲಿ 172 ಮಿಮೀ. 3 ಮಿಮೀ ಫೋಮ್ ಶೀಟನ್ನು ಪದರ ಪದರವಾಗಿ, ಕೆಳಗಿನದು ಸಣ್ಣ ಮೇಲಿನದು ದೊಡ್ಡ, ಅಂಟಿಸಿ ಸ್ಯಾಂಡ್ ಪೇಪರಲ್ಲಿ ಉಜ್ಜಿ ಆಕಾರ ತನ್ನಿ, ನೀರಿನ ಮಟ್ಟದಲ್ಲಿ ಚಪ್ಪಟೆ ಕತ್ತರಿಸಿ. ಮುಂದಿನ ಮೂತಿ ಎತ್ತರಕ್ಕೆ ಏರುವ ಆ ತಿರುವು ಸರಿ ಬರುವವರೆಗೆ ಬಿಡ್ಬೇಡಿ. ಟಯರಿಗೆ ದಪ್ಪ ಕಪ್ಪು ವಯರಿನ ಹೊರಗಿನ ಪ್ಲಾಸ್ಟಿಕ್ ಉಂಗುರದ ಹಾಗೆ ಕತ್ತರಿಸಿ, 7 ಮಿಮೀ ಇದ್ರೆ ಕಾರಿನ ಟಯರ್. ಬಲೆಗೆ ಹಳೆ ಸೊಳ್ಳೆ ಪರದೆಗಿಂತ ಬ್ಯಾಂಡೇಜ್ ಬಟ್ಟೆ ಒಳ್ಳೆದು, ನೀಲಿ ಹಸಿರು ಬಣ್ಣದಲ್ಲಿ ಅದ್ದಿ ಮುದ್ದೆ ಮಾಡಿ ಡೆಕ್ ಮೇಲೆ ಹಾಕಿ. ಕಂಬಗಳಿಗೆಲ್ಲ ಹಿಡಿಸೂಡಿ (ಪೊರಕೆ) ಕಡ್ಡಿ, ಊದುಬತ್ತಿ ಕಡ್ಡಿ.

ತೆಂಗಿನ ಮರ ಮಾಡಿದ್ರೆ ಈಚಲು ಮರದ ಹಾಗೆ ಕಾಣ್ತದೆ!

ಸಣ್ಣದು ಮಾಡಿರ್ತೀರಿ. 15 ಮೀಟರ್ ಮರ ಅಂದ್ರೆ 172 ಮಿಮೀ, ಗರಿ ಒಂದೊಂದೂ 50 ಮಿಮೀ. ಬುಡ ಸ್ವಲ್ಪ ದಪ್ಪ, ಹೊಳೆ ಬದಿಯದ್ದು ನೀರಿನ ಕಡೆ ಬಾಗಿರ್ಲಿ. ಕೆಳಗಿನ ಎರಡು ಗರಿ ಒಣಗಿ ಕಂದಾಗಿ ನೇತಾಡ್ತಾ ಇರ್ಲಿ.

## ಸ್ವಲ್ಪ ಪಳಗಿದ ಮೇಲೆ

ದಕ್ಕೆಯ ಕಾಂಕ್ರೀಟಲ್ಲಿ ಹಳಿ ಹೂತು ಹಾಕಿದೆ, ಎಂಜಿನ್ ಎದ್ದು ಎದ್ದು ಬೀಳ್ತದೆ.

ಹಳಿಯ ಒಳಬದಿಯಲ್ಲಿ ಚಕ್ರದ ಅಂಚು ಹೋಗ್ಲಿಕ್ಕೆ ಜಾಗ ಬಿಟ್ಟಿಲ್ಲ, ಅಥವಾ ತುಂಬಿಸಿದ್ದು ಹಳಿಗಿಂತ ಮೇಲೆ ಬಂದಿದೆ. ನಡುವಿನ ಭಾಗವನ್ನು ಹಳಿಯ ತಲೆಗಿಂತ ಅರ್ಧ ಮಿಮೀ ಕೆಳಗೆ ನಿಲ್ಲಿಸಿ, ಇಲ್ಲಾಂದ್ರೆ ಹಳಿ ಕ್ಲೀನ್ ಮಾಡುವಾಗಲೆಲ್ಲ ಕಾಂಕ್ರೀಟಿನ ಬಣ್ಣವೂ ಎದ್ದು ಬರ್ತದೆ. ಪ್ಲಾಸ್ಟರ್ ಹಸಿ ಇರುವಾಗಲೇ ಒಂದು ವ್ಯಾಗನ್ ಮೆಲ್ಲ ತಳ್ಳಿ ನೋಡಿ, ಚಕ್ರವೇ ತನ್ನ ದಾರಿ ಕೊರೆದು ತೋರಿಸ್ತದೆ. ಹಳಿ ಕವಲೊಡೆಯುವ ಪಾಯಿಂಟನ್ನು ಮಾತ್ರ ಹೂತು ಹಾಕ್ಬೇಡಿ, ಒಂದು ಕಾಳು ಸಿಕ್ಕಿದ್ರೂ ಕೆಲಸ ಮಾಡೋದಿಲ್ಲ.

ಬೋಟಿನ ಹಿಂದೆ ನೊರೆ, ಅಲೆ ಹೇಗೆ ಮಾಡೋದು?

ಆರ್ಟ್ ಅಂಗಡಿಯಲ್ಲಿ ಗ್ಲಾಸ್ ಜೆಲ್ ಮೀಡಿಯಂ ಅಂತ ಸಿಗ್ತದೆ, ಹಚ್ಚುವಾಗ ಬಿಳಿ, ಒಣಗಿದಾಗ ತಿಳಿ. ಬ್ರಷ್ಷಲ್ಲಿ ಎತ್ತಿ ಎತ್ತಿ ಅಲೆಯ ಆಕಾರ ತನ್ನಿ. ನೊರೆಗೆ ಅದಕ್ಕೇ ಚೂರು ಬಿಳಿ ಬಣ್ಣ, ಹತ್ತಿಯ ಒಂದೆರಡು ಎಳೆ. ನಿಂತ ಬೋಟಿನ ಹಿಂದೆ ನೊರೆ ಇರೋದಿಲ್ಲ, ದಕ್ಕೆಯ ಒಳಗಿನ ನೀರಿಗೆ ದೊಡ್ಡ ಅಲೆಯೂ ಇಲ್ಲ. ಅಲ್ಲಿ ಇರೋದು ಎಣ್ಣೆಯ ಪೊರೆ, ತೇಲುವ ಬಾಟ್ಲಿ, ಒಂದು ಚಪ್ಪಲಿ. ಅಲೆಗಿಂತ ಅದನ್ನು ಹಾಕಿ, ಕಂಬದ ತುದಿಯಲ್ಲಿ ಒಂದು ಗರುಡ, ಬುಟ್ಟಿ ಪಕ್ಕ ಎರಡು ಬೆಳ್ಳಕ್ಕಿ.

ಮಳೆಗಾಲ ಮುಗಿದು ತೆರೆದು ನೋಡಿದ್ರೆ ಹಳಿ ಕಪ್ಪು, ದಡದ ಮೇಲೆ ಬಿಳಿ ಬೂಸ್ಟು. ಪೂರ್ತಿ ಹೋಯ್ತಾ?

ಹೋಗ್ಲಿಲ್ಲ. ಬೂಸ್ಟನ್ನು ಮೃದು ಬ್ರಷ್ಷಲ್ಲಿ ಮನೆ ಹೊರಗೆ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸ್ಪ್ರೇ ಮಾಡಿ, ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ ಆಮೇಲೆ, ಯಾಕಂದ್ರೆ ಅಕ್ರಿಲಿಕ್ ಬಣ್ಣವನ್ನು ಅದು ಎಬ್ಬಿಸ್ತದೆ. ಹಳಿಗೂ ಅದೇ ಆಲ್ಕೋಹಾಲ್, ಬಟ್ಟೆಯಲ್ಲಿ ಒರೆಸಿ. ಕಬ್ಬಿಣದ ಹಳಿ ನಮ್ಮ ಕಡಲ ಬದಿಗೆ ಬೇಡವೇ ಬೇಡ, ನಿಕಲ್ ಸಿಲ್ವರ್ ತಗೊಳ್ಳಿ. ಪ್ಲಾಸ್ಟಿಕಿನಲ್ಲಿ ಬಿಗಿಯಾಗಿ ಸುತ್ತಿಟ್ರೆ ಒಳಗೇ ತೇವ ಸಿಕ್ಕಿ ಮತ್ತೂ ಹಾಳು, ಹತ್ತಿ ಬೆಡ್‌ಶೀಟು ಹಾಕಿ ಫ್ಯಾನ್ ಗಾಳಿ ಬರುವಲ್ಲಿ ಇಡಿ.

ರಾತ್ರಿ ದಕ್ಕೆಯ ಹಾಗೆ ಲೈಟ್ ಹಾಕ್ಬೇಕು, ಎಲ್‌ಇಡಿ ಎರಡು ಸಲ ಸುಟ್ಟೋಯ್ತು.

12 ವೋಲ್ಟಿಗೆ ನೇರ ಕೊಟ್ಟಿದ್ದೀರಿ. ಪ್ರತಿ ಎಲ್‌ಇಡಿಗೆ ಒಂದು ಕಿಲೋ ಓಮ್ ರೆಸಿಸ್ಟರ್ ಹಾಕಿ, ಸುಮಾರು 9 ಮಿಲಿ ಆಂಪ್ ಹೋಗ್ತದೆ, ಅದೇ ಹೆಚ್ಚು ಪ್ರಕಾಶ ಅನಿಸಿದ್ರೆ 4.7 ಕಿಲೋ ಓಮ್ ಹಾಕಿ. ದಕ್ಕೆಯ ಕಂಬಕ್ಕೆ ಬಿಳಿ, ಗೋದಾಮಿನ ಒಳಗೆ ಹಳದಿ. ಲೈಟು ನೀರಿನ ಹತ್ರ ಇದ್ದಷ್ಟು ಅದರ ಉದ್ದದ ಪ್ರತಿಬಿಂಬ ಚಂದ ಬೀಳ್ತದೆ, ಹಾಗಾಗಿ ಕಂಬಗಳನ್ನು ದಕ್ಕೆಯ ಅಂಚಿಗೇ ತನ್ನಿ. ವಯರು ರೆಸಿನ್ ಹೊಯ್ಯುವ ಮೊದಲೇ ಎಳೆದು ಆಗಿರ್ಲಿ, ಆ ತೂತುಗಳನ್ನೂ ಸಿಲಿಕಾನಲ್ಲಿ ಮುಚ್ಚಿ.

ಬೆಂಗಳೂರಲ್ಲಿ ತೋರಿಸ್ಲಿಕ್ಕೆ ತಗೊಂಡು ಹೋಗ್ಬೇಕು, ಕಾರಲ್ಲಿ ಆಗ್ತದಾ?

ಎರಡಡಿ ಉದ್ದದ ತುಂಡು ಆದ್ರೆ ಆಗ್ತದೆ. ಮರ, ಮಾಸ್ಟ್, ಕ್ರೇನ್ ಇವನ್ನೆಲ್ಲ ಮೊದಲೇ ಪಿನ್ನಲ್ಲಿ ಕಳಚುವ ಹಾಗೆ ಮಾಡಿಟ್ಟಿರ್ಬೇಕು, ಶಿರಾಡಿ ಘಾಟಿಯಲ್ಲಿ ಎತ್ತರದ್ದು ಯಾವುದೂ ನಿಲ್ಲೋದಿಲ್ಲ. ಬೋರ್ಡ್ ಅಡಿಗೆ ದಪ್ಪ ಸ್ಪಂಜು, ಸಮತಟ್ಟಾಗಿ ಇಡಿ. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದ್ರೆ ಕಾರನ್ನು ನೆರಳಲ್ಲೇ ನಿಲ್ಲಿಸಿ, ಮುಚ್ಚಿದ ಕಾರಿನ ಬಿಸಿಗೆ ಎಪಾಕ್ಸಿ ಮೆತ್ತಗಾಗಿ ಮೇಲೆ ಮುಚ್ಚಿದ ಬಟ್ಟೆಯ ನೇಯ್ಗೆಯೇ ನೀರಿನ ಮೇಲೆ ಅಚ್ಚಾಗಿ ಬಿಡ್ತದೆ. ನೀರಿಗೆ ಏನೂ ತಾಗದ ಹಾಗೆ ನಾಲ್ಕು ಮೂಲೆಗೆ ಕಡ್ಡಿ ನಿಲ್ಲಿಸಿ ಅದರ ಮೇಲೆ ಬಟ್ಟೆ ಹೊದಿಸಿ, ಹೋಗಿ ಮುಟ್ಟಿದ ಕೂಡಲೇ ತೆಗೀರಿ.